ಜೀಪಿನ ಏಳು ಸೀಳು, ನನ್ನ ಪಿಕಪ್ಪಿನ ಗ್ರಿಲ್

ಈ ಸಲ ಅಡಿಕೆ, ಕಾಳುಮೆಣಸಿನ ಸುದ್ದಿ ಇಲ್ಲ, ವಾಹನದ ಸುದ್ದಿ. ಪಿಕಪ್ ಇಲ್ಲದೆ ಈಗ ನಮ್ಮ ಕೃಷಿ ಉಂಟಾ ಹೇಳಿ? ಗೊಬ್ಬರ ಬರುವುದು ಅದರಲ್ಲಿ, ಅಡಿಕೆ ಹೋಗುವುದು ಅದರಲ್ಲಿ, ದನಕ್ಕೆ ಬೈಹುಲ್ಲು ಬರುವುದೂ ಅದರಲ್ಲೇ. ಹಾಗಾಗಿ ಇದೂ ತೋಟದ ವಿಷಯವೇ ಅಂತ ಇಟ್ಟುಕೊಳ್ಳಿ. ಸ್ವಲ್ಪ ಉದ್ದ ಉಂಟು. ಸಂಜೆ ಕೆಲಸ ಮುಗಿಸಿ ಕೂತು ಓದಿ.

ಹೋದ ತಿಂಗಳು ಉಜಿರೆಯಿಂದ ರಾತ್ರಿ ಬರುವಾಗ ಮುಂಡಾಜೆ ದಾಟಿ ಕಕ್ಕಿಂಜೆ ಕಡೆ ಒಂದು ಹಂದಿ ಅಡ್ಡ ಬಂತು. ಬ್ರೇಕ್ ಹಾಕಿದೆ, ಆದರೂ ತಾಗಿತು. ಹಂದಿ ಎದ್ದು ಕಾಡಿಗೆ ಓಡಿತು, ಅದಕ್ಕೆ ಏನೂ ಆದಂತೆ ಕಾಣಲಿಲ್ಲ. ನನ್ನ ಪಿಕಪ್ಪಿನ ಎದುರಿನ ಗ್ರಿಲ್ ಮಾತ್ರ ಮೂರು ತುಂಡು. ಟಾರ್ಚ್ ಹಾಕಿ ನೋಡಿದೆ. ರೇಡಿಯೇಟರಿಗೆ ಪೆಟ್ಟಾಗಿರಲಿಲ್ಲ, ನೀರು ಸೋರುತ್ತಿರಲಿಲ್ಲ. ನಿಧಾನ ಮನೆಗೆ ಬಂದೆ.

ಮರುದಿನ ಪೇಟೆಯಲ್ಲಿ ಕೇಳಿದ್ದಕ್ಕೆ ಎರಡು ದಿನ ಗಾಡಿ ಬಿಟ್ಟು ಹೋಗಿ ಅಂದರು. ಎರಡು ದಿನ ಗಾಡಿ ಬಿಟ್ಟರೆ ಅಂಗಳದಲ್ಲಿ ಗೋಣಿ ಕಟ್ಟಿಟ್ಟ ಅಡಿಕೆ ಎಂತ ಮಾಡುವುದು? ನಾನೇ ಹಾಕ್ತೇನೆ ಅಂತ ಗ್ರಿಲ್ ಮಾತ್ರ ತರಲು ಹೊರಟೆ. ಆಗ ನೆರೆಯ ಹುಡುಗನೊಬ್ಬ, ಅವನಿಗೂ ಪಿಕಪ್ ಉಂಟು, ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. "ಅಣ್ಣ, ಮಾಮೂಲಿದು ಯಾಕೆ, ಇದು ಹಾಕಿ. ಫುಲ್ ಕ್ರೋಮ್, ನಡುವಲ್ಲಿ ದೊಡ್ಡ ಬೋರ್ಡು, ಕೆಳಗೆ ಎಲ್‌ಇಡಿ. ಗಾಡಿಯ ಮುಖವೇ ಬದಲಾಗ್ತದೆ."

ನೋಡಲಿಕ್ಕೆ ಭಾರಿ ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಗಾಳಿ ಹೋಗುವ ಜಾಗ ಅಂಗೈಯಷ್ಟೂ ಇರಲಿಲ್ಲ. ಅದನ್ನು ನೋಡಿದ ಕೂಡಲೇ ನನಗೆ ನಮ್ಮ ಅಣ್ಣನ ಬಲಗೈ ನೆನಪಾಯಿತು. ಯಾಕೆ ಅಂತ ಮುಂದೆ ಹೇಳ್ತೇನೆ. ಅದಕ್ಕೆ ಮೊದಲು ಈ ಗ್ರಿಲ್ ಅನ್ನುವ ವಸ್ತು ಎಲ್ಲಿಂದ ಬಂತು ಅಂತ ಹೇಳಬೇಕು. ಅದರ ಚರಿತ್ರೆ ಗೊತ್ತಾದರೆ ಅದು ಯಾಕೆ ಉಂಟು ಅಂತಲೂ ಗೊತ್ತಾಗ್ತದೆ.

ಮೊದಮೊದಲ ಕಾರುಗಳಿಗೆ ಗ್ರಿಲ್ಲೇ ಇರಲಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಮ್ಯೂಸಿಯಂನ ಹಳೆಯ ಕಾರುಗಳನ್ನು ನಾವೆಲ್ಲ ನೋಡಿದ್ದೇವೆ. ಮುಂದಿನ ಸಲ ಹೋದರೆ ಬಾಗಿಲು, ಸೀಟು ನೋಡಬೇಡಿ, ಮುಖ ನೋಡಿ. ಹಳೆಯ ಕಾಲದ ಗಾಡಿಗಳಲ್ಲಿ ರೇಡಿಯೇಟರೇ ಮುಖ. ಫೋರ್ಡ್ ಕಂಪೆನಿಯ ಮಾಡೆಲ್ ಟಿ ಕಾರಿನಲ್ಲಿ 1916ರವರೆಗೆ ಹಿತ್ತಾಳೆಯ ರೇಡಿಯೇಟರ್ ಹೊರಗೇ ಕಾಣುತ್ತಿತ್ತು, ನಮ್ಮ ಮನೆಯ ಬಿಸಿನೀರ ಹಂಡೆಯ ಹಾಗೆ ಹೊಳೆಯುತ್ತಾ. ಕಲ್ಲು ಹಾರಿದರೆ ನೇರ ಅದಕ್ಕೇ ಬಡಿಯುತ್ತಿತ್ತು. ರೇಡಿಯೇಟರ್ ಅಂದರೆ ತೆಳ್ಳಗಿನ ಕೊಳವೆ, ಅದಕ್ಕಿಂತ ತೆಳ್ಳಗಿನ ತಗಡು. ಒಂದು ಕಲ್ಲು ಸಾಕು ತೂತಾಗಲಿಕ್ಕೆ. ಹಾಗಾಗಿ ಅದರ ಎದುರು ಒಂದು ಬೇಲಿ ಬೇಕಾಯಿತು. 1930ರ ದಶಕಕ್ಕೆ ಬರುವಾಗ ರೇಡಿಯೇಟರ್ ಒಳಗೆ ಹೋಗಿ ಎದುರು ಗ್ರಿಲ್ ಬರುವುದು ಸಾಮಾನ್ಯ ಆಯಿತು. ಗಾಳಿ ಒಳಗೆ ಬರಬೇಕು, ಕಲ್ಲು ಬರಬಾರದು. ಕೆಲಸ ಇಷ್ಟೇ. ತೋಟದ ಬೇಲಿಯ ಹಾಗೆ: ಬಿಸಿಲು ಗಾಳಿ ಬರಲಿ, ದನ ಬರುವುದು ಬೇಡ.

ನಮ್ಮ ಊರಿನ ರಸ್ತೆಗೆ ಬಂದ ಗ್ರಿಲ್ಲಿನ ಕಥೆ ಬೇರೆ. ಅದು ಯುದ್ಧದಿಂದ ಬಂದದ್ದು.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಹಗುರದ, ಗುಡ್ಡ ಹತ್ತುವ, ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿ ಬೇಕಾಯಿತು. 135 ಕಂಪೆನಿಗಳಿಗೆ ಕಾಗದ ಬರೆದರು. ಕೊಟ್ಟ ಸಮಯ ಬರೀ 49 ದಿವಸ. ನಮ್ಮಲ್ಲಿ ಒಂದು ಪಂಪ್‌ಸೆಟ್ ಶೆಡ್ ಕಟ್ಟಲಿಕ್ಕೂ ಅಷ್ಟು ದಿನ ಸಾಲುವುದಿಲ್ಲ! ಬ್ಯಾಂಟಮ್ ಅನ್ನುವ ಸಣ್ಣ ಕಂಪೆನಿ ಮೊದಲ ಗಾಡಿ ಮಾಡಿ ಸೆಪ್ಟೆಂಬರ್ 23ಕ್ಕೆ ತಂದು ನಿಲ್ಲಿಸಿತು. ಆದರೆ ಸಾವಿರಾರು ಗಾಡಿ ಮಾಡುವ ತಾಕತ್ತು ಅದಕ್ಕೆ ಇರಲಿಲ್ಲ. ದೊಡ್ಡ ಆರ್ಡರು ವಿಲ್ಲಿಸ್ ಕಂಪೆನಿಗೆ ಹೋಯಿತು, ಅದಕ್ಕೂ ಪೂರೈಸದೆ ಫೋರ್ಡ್ ಕಂಪೆನಿಗೂ ಹೋಯಿತು.

ವಿಲ್ಲಿಸ್‌ನವರ ಮೊದಲ ಸುಮಾರು 25 ಸಾವಿರ ಜೀಪುಗಳಿಗೆ ಗ್ರಿಲ್ ಹೇಗಿತ್ತು ಗೊತ್ತುಂಟಾ? ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ವೆಲ್ಡಿಂಗ್ ಮಾಡಿದ್ದು. ನಮ್ಮ ಕಿಟಕಿಯ ಸರಳಿನ ಹಾಗೆ. ಗಟ್ಟಿ ಹೌದು. ಆದರೆ ಭಾರ, ಖರ್ಚು, ಕೆಲಸ ಎಲ್ಲ ಜಾಸ್ತಿ. ಫೋರ್ಡ್‌ನವರು ಸುಲಭದ ದಾರಿ ಕಂಡುಕೊಂಡರು. ಒಂದೇ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಒಂಬತ್ತು ಸೀಳು ಮಾಡಿದರು. ಅಷ್ಟೇ, ಗ್ರಿಲ್ ಆಯಿತು. ಹಗುರ, ಅಗ್ಗ, ಬೇಗ. 1942ರಲ್ಲಿ ವಿಲ್ಲಿಸ್‌ನವರೂ ಅದನ್ನೇ ತೆಗೆದುಕೊಂಡರು. ಚಂದಕ್ಕೆ ಅಂತ ಯಾರೂ ಅದನ್ನು ಮಾಡಲಿಲ್ಲ. ತಗಡು ಉಳಿಯಲಿ, ಸಮಯ ಉಳಿಯಲಿ ಅಂತ ಮಾಡಿದ್ದು.

ಯುದ್ಧ ಮುಗಿದು 1945ರಲ್ಲಿ ವಿಲ್ಲಿಸ್ ಕಂಪೆನಿ ರೈತರಿಗೆ ಅಂತ ಜೀಪು ತಂದಿತು. ಸಿಜೆ-2ಎ ಅಂತ ಅದರ ಹೆಸರು. ಸಿಜೆ ಅಂದರೆ ಸಿವಿಲಿಯನ್ ಜೀಪ್. ನೇಗಿಲು ಎಳೆಯಲಿಕ್ಕೆ, ಬೆಲ್ಟ್ ಹಾಕಿ ಮೆಷಿನು ತಿರುಗಿಸಲಿಕ್ಕೆ ಆಗ್ತದೆ ಅಂತ ಪ್ರಚಾರ ಮಾಡಿದರು. ರಸ್ತೆಯಲ್ಲಿ ಓಡುವ ಗಾಡಿಗೆ ದೊಡ್ಡ ಹೆಡ್‌ಲೈಟ್ ಬೇಕಲ್ಲ. ದೊಡ್ಡ ಲೈಟು ಕೂರಿಸುವಾಗ ಆಚೆ ಈಚೆ ಒಂದೊಂದು ಸೀಳು ಹೋಯಿತು. ಒಂಬತ್ತು ಇದ್ದದ್ದು ಏಳಾಯಿತು. ಆಮೇಲೆ ಈ ಏಳಕ್ಕೆ ಏಳು ಖಂಡ ಅದು ಇದು ಅಂತ ಕಥೆ ಕಟ್ಟಿದವರಿದ್ದಾರೆ. ಕಾರಣ ಅಷ್ಟು ದೊಡ್ಡದಲ್ಲ, ಲೈಟಿಗೆ ಜಾಗ ಬೇಕಿತ್ತು.

ಇನ್ನು ನಮ್ಮ ದೇಶಕ್ಕೆ ಬರುವ. 1945ರಲ್ಲಿ ಮಹೀಂದ್ರ ಅಣ್ಣತಮ್ಮಂದಿರಾದ ಜೆ.ಸಿ. ಮತ್ತು ಕೆ.ಸಿ., ಅವರ ಜೊತೆ ಗುಲಾಂ ಮಹಮ್ಮದ್ ಎಂಬವರು ಸೇರಿ ಉಕ್ಕಿನ ವ್ಯಾಪಾರಕ್ಕೆ ಕಂಪೆನಿ ಮಾಡಿದರು. ಹೆಸರು ಮಹೀಂದ್ರ ಆ್ಯಂಡ್ ಮಹಮ್ಮದ್. ದೇಶ ಇಬ್ಭಾಗ ಆದಾಗ ಗುಲಾಂ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಬೋರ್ಡಿನ ಮೊದಲಕ್ಷರ ಎರಡೂ ಎಂ, ಹಾಗಾಗಿ ಅದು ಬದಲಾಗಲೇ ಇಲ್ಲ. ಅಮೆರಿಕದಿಂದ ಬಿಡಿಭಾಗ ತರಿಸಿ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸಿ ಜೀಪು ಮಾಡಲಿಕ್ಕೆ ಸುರು ಮಾಡಿದರು. ಮೊದಲು ಜೋಡಿಸಿದ್ದು 75 ಗಾಡಿ. ಆಮೇಲೆ ಬಂತು ನಮಗೆಲ್ಲ ಗುರುತು ಇರುವ ಎತ್ತರದ ಬಾನೆಟ್ಟಿನ ಸಿಜೆ-3ಬಿ. ಬಾನೆಟ್ ಯಾಕೆ ಎತ್ತರ ಅಂದರೆ ಅದಕ್ಕೆ ಹಾಕಿದ ಹರಿಕೇನ್ ಇಂಜಿನು ಹಳೆಯದಕ್ಕಿಂತ ಎತ್ತರ. ಮುಖದಲ್ಲಿ ಅದೇ ಏಳು ಸೀಳು.

ಇಲ್ಲಿ ರೈತರಿಗೆ ಖುಷಿಯಾಗುವ ಒಂದು ಮಾತು ಉಂಟು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿ ಜೊತೆ ಸೇರಿ ಬಿ-275 ಟ್ರಾಕ್ಟರ್ ಮಾಡಲು ಹೊರಟರು. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ದುಬಾರಿ ಆದಾಗ ಆ ಟ್ರಾಕ್ಟರಿನ ಡೀಸೆಲ್ ಇಂಜಿನನ್ನೇ ಜೀಪಿಗೆ ಇಳಿಸಿದರು. ಅಂದರೆ ನಮ್ಮ ಊರಿನಲ್ಲಿ ಕಡಕಡ ಅಂತ ಓಡುತ್ತಿದ್ದ ಡೀಸೆಲ್ ಜೀಪಿನ ಹೊಟ್ಟೆಯಲ್ಲಿ ಇದ್ದದ್ದು ಗದ್ದೆ ಉಳುವ ಇಂಜಿನು!

ನಮ್ಮ ಬೆಳ್ತಂಗಡಿ ಕಡೆ ಜೀಪು ಅಂದರೆ ಎಂತ ಅಂತ ಐವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಬಸ್ಸು ಮುಖ್ಯ ರಸ್ತೆಯಲ್ಲಿ. ನೆರಿಯ, ಶಿಶಿಲ, ದಿಡುಪೆಯಂಥ ಒಳಗಿನ ಊರಿಗೆ ಹೋಗಬೇಕಾದರೆ ಸರ್ವಿಸ್ ಜೀಪೇ ಗತಿ. ಒಳಗೆ ಎಂಟು ಜನ ಕೂರುವ ಜಾಗದಲ್ಲಿ ಹದಿನೈದು ಜನ, ಹಿಂದೆ ನೇತಾಡುವವರು ನಾಲ್ಕು. ಹೆರಿಗೆಗೂ ಅದೇ, ದಿಬ್ಬಣಕ್ಕೂ ಅದೇ, ಹೆಣ ತರಲಿಕ್ಕೂ ಅದೇ.

ನಮ್ಮ ಅಣ್ಣ ಅಂಥದ್ದೊಂದು ಜೀಪು ಇಟ್ಟಿದ್ದ. ನಾನು ಎಸ್‌ಎಸ್‌ಎಲ್‌ಸಿ ಪಾಸಾಗಿ ಮನೆಯಲ್ಲಿ ಕೂತ ಕಾಲ, 1987 ಅಂದಾಜು. ಅಪ್ಪ ಅಡಿಕೆ ಮಾರಿದ ದುಡ್ಡಿನ ಜೊತೆ ಸಾಲವೂ ಮಾಡಿ ತೆಗೆದುಕೊಟ್ಟ ಸೆಕೆಂಡ್‌ಹ್ಯಾಂಡ್ ಡೀಸೆಲ್ ಜೀಪು. ಅಣ್ಣನಿಗೆ ಅದರ ಮೇಲೆ ಭಾರಿ ಪ್ರೀತಿ. ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಒರೆಸುವುದು. ಸಾಲ ಒಂಚೂರು ತೀರಿದ ಮೇಲೆ ಶೃಂಗಾರ ಸುರುವಾಯಿತು. ಎದುರಿಗೆ ಎರಡು ಹಳದಿ ಫಾಗ್ ಲೈಟು. ನಡುವಲ್ಲಿ ಹೆಸರು ಬರೆಸಿದ ಒಂದು ತಗಡಿನ ಬೋರ್ಡು. ನೋಡಿದವರೆಲ್ಲ ಹೊಗಳಿದ್ದೇ. ಏಳು ಸೀಳಿನಲ್ಲಿ ಐದು ಮುಚ್ಚಿ ಹೋಗಿತ್ತು ಅಂತ ಆಗ ಯಾರೂ ಹೇಳಲಿಲ್ಲ, ನನಗೂ ತಲೆಗೆ ಹೋಗಲಿಲ್ಲ.

ಒಂದು ಏಪ್ರಿಲ್ ತಿಂಗಳಲ್ಲಿ ಮೂಡಿಗೆರೆ ಕಡೆಗೆ ಒಂದು ದಿಬ್ಬಣ. ಬೋರ್ಡಿನ ಮೇಲೆ ಗೊಂಡೆ ಹೂವಿನ ದಪ್ಪ ಮಾಲೆ ಬೇರೆ. ಜೀಪು ತುಂಬ ಜನ. ನಾನು ಹಿಂದೆ ನೇತಾಡುತ್ತಿದ್ದೆ. ಚಾರ್ಮಾಡಿ ಘಾಟಿ ಏರುವಾಗ ಗಾಡಿ ಹೋಗುವುದು ಫಸ್ಟ್ ಗೇರು, ಸೆಕೆಂಡ್ ಗೇರು. ವೇಗ ಇಲ್ಲ, ಹಾಗಾಗಿ ಎದುರಿನಿಂದ ತಾನಾಗಿ ನುಗ್ಗುವ ಗಾಳಿ ಇಲ್ಲ. ಇಂಜಿನಿಗೆ ಮಾತ್ರ ಪೂರ್ತಿ ಭಾರ. ಫ್ಯಾನು ಎಳೆಯುವ ಗಾಳಿಯೊಂದೇ ಆಧಾರ, ಆ ಗಾಳಿಯ ದಾರಿಗೆ ಬೋರ್ಡು, ಮಾಲೆ. ಅರ್ಧ ಘಾಟಿಯಲ್ಲಿ ಬಾನೆಟ್ಟಿನಿಂದ ಆವಿ ಎದ್ದಿತು.

ಅಣ್ಣ ಇಳಿದ. ದಿಬ್ಬಣಕ್ಕೆ ಹೊತ್ತಾಗ್ತದೆ ಅಂತ ಒಳಗಿದ್ದವರ ಗಡಿಬಿಡಿ. ಬಾನೆಟ್ ಎತ್ತಿ ಹೆಗಲ ಮೇಲಿದ್ದ ಬೈರಾಸನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಮುಚ್ಚಳ ಒತ್ತಡ ಹಿಡಿದಿಟ್ಟಾಗ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರ್ತದೆ. ಮುಚ್ಚಳ ಬಿಟ್ಟ ಕ್ಷಣ ಒತ್ತಡ ಹೋಗಿ ಒಟ್ಟಿಗೇ ಕುದಿದು ಹಾರುತ್ತದೆ. ಬಲಗೈ ಮೊಣಕೈವರೆಗೆ ಬೆಂದಿತು. ಮುಖ ತಿರುಗಿಸಿದ್ದ, ಅದರಿಂದ ಕಣ್ಣು ಉಳಿಯಿತು. ಆ ಹೊತ್ತು ಅವನು ಕೂಗಿದ್ದು ನನಗೆ ಇವತ್ತಿಗೂ ಕೇಳ್ತದೆ. ಹಿಂದಿನಿಂದ ಬಂದ ಲಾರಿಯವರು ಅವನನ್ನು ಕೆಳಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಗಾಯ ವಾಸಿಯಾಯಿತು, ಆದರೆ ಚರ್ಮ ಎಳೆದುಕೊಂಡು ಎರಡು ಬೆರಳು ನೇರ ಆಗಲೇ ಇಲ್ಲ. ಸ್ಟೇರಿಂಗ್ ಹಿಡಿಯಲಿಕ್ಕೆ ಬರುತ್ತಿತ್ತು, ಕತ್ತಿ ಹಿಡಿಯಲಿಕ್ಕೆ ಬರುತ್ತಿರಲಿಲ್ಲ. ಎರಡು ವರ್ಷದ ನಂತರ ಜೀಪು ಮಾರಿದ. ಮಾರುವ ಮೊದಲು ಒಮ್ಮೆ ಮೋರಿಗೆ ತಾಗಿ ಎದುರಿನ ತಗಡು ನೆಗ್ಗಿತ್ತು. ಮೆಕ್ಯಾನಿಕ್ ಬೇರೆ ಹಾಕಿ ಹಳೆಯದನ್ನು ಗುಜರಿಗೆ ಕೊಡಲು ಹೊರಟಾಗ ಅಪ್ಪ ಮನೆಗೆ ತಂದರು. ಅದು ಇವತ್ತಿಗೂ ನಮ್ಮ ಹಟ್ಟಿಯಲ್ಲಿ ಕರುವಿನ ಗೂಡಿನ ಬಾಗಿಲಾಗಿ ಉಂಟು. ಏಳು ಸೀಳು, ಎರಡು ದೊಡ್ಡ ಉರುಟು ತೂತು. ಕರು ಆ ತೂತಿನಲ್ಲಿ ಮೂತಿ ಹಾಕಿ ನೋಡ್ತದೆ. ಅಣ್ಣ ಈಗ ಇಲ್ಲ, ಹೋಗಿ ಮೂರು ವರ್ಷ ಆಯಿತು.

ಚರಿತ್ರೆಯ ಇನ್ನೊಂದು ತುಂಡು ಉಂಟು, ಅದನ್ನೂ ಹೇಳಿ ನನ್ನ ಗ್ರಿಲ್ಲಿಗೆ ಬರ್ತೇನೆ.

2000ರಲ್ಲಿ ಬೊಲೆರೊ ಬಂತು. ಜೀಪಿನ ಜಾಗಕ್ಕೆ ನಿಧಾನ ಅದೂ ಅದರ ಪಿಕಪ್ಪೂ ಬಂದವು. ಮುಖದಲ್ಲಿ ನೆಟ್ಟಗೆ ನಿಂತ ಸೀಳುಗಳು ಉಳಿದವು. ಆದರೆ ತಗಡು ಹೋಗಿ ಪ್ಲಾಸ್ಟಿಕ್ ಬಂತು. ಜೀಪಿನಲ್ಲಿ ಆ ತಗಡು ಬರೀ ಮುಖ ಅಲ್ಲ, ಹೆಡ್‌ಲೈಟ್ ನಿಲ್ಲುವುದೂ ಅದರಲ್ಲೇ ಆಗಿತ್ತು. ಈಗಿನ ಗ್ರಿಲ್ ಏನನ್ನೂ ಹೊರುವುದಿಲ್ಲ, ಕ್ಲಿಪ್ಪಿನಲ್ಲಿ ನೇತಾಡುವ ಒಂದು ಮುಖವಾಡ. ಅದಕ್ಕೇ ಹಂದಿ ತಾಗಿದರೆ ತುಂಡಾಗ್ತದೆ, ಅದಕ್ಕೇ ನಮ್ಮಂಥವರು ಮನೆಯಲ್ಲೇ ಬದಲಾಯಿಸಲೂ ಆಗ್ತದೆ.

ಆ ಮುಖವಾಡಕ್ಕೆ ಈಗ ಎಷ್ಟು ಬೆಲೆ ಗೊತ್ತುಂಟಾ? ಮಹೀಂದ್ರದವರು ಹಳೆಯ ಜೀಪಿನ ಆಕಾರದ ರಾಕ್ಸರ್ ಅನ್ನುವ ಗಾಡಿಯನ್ನು ಅಮೆರಿಕದ ಮಿಷಿಗನ್‌ನಲ್ಲಿ ಜೋಡಿಸಿ ಮಾರಲು ಹೊರಟರು. ರಸ್ತೆಗಲ್ಲ, ತೋಟ ಗುಡ್ಡಕ್ಕೆ ಮಾತ್ರ. 2018ರ ಆಗಸ್ಟಿನಲ್ಲಿ ಆಗ ಜೀಪ್ ಹೆಸರಿನ ಒಡೆಯರಾಗಿದ್ದ ಫಿಯೆಟ್ ಕ್ರೈಸ್ಲರ್‌ನವರು ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು: ಇದು ನಮ್ಮ ಜೀಪಿನ ರೂಪ, ಇವರು ಹಾಕಬಾರದು. 2020ರ ಜೂನ್‌ನಲ್ಲಿ ಆಯೋಗ ದೂರು ಕೊಟ್ಟವರ ಪರ ಆದೇಶ ಮಾಡಿತು. ಮಹೀಂದ್ರದವರು ಮುಖವನ್ನೇ ಬದಲಾಯಿಸಿದರು, ನೆಟ್ಟಗಿನ ಸೀಳು ತೆಗೆದು ಬೇರೆ ಗ್ರಿಲ್ ಹಾಕಿದರು. ಆ ಹೊಸ ರೂಪ ತೊಂದರೆ ಇಲ್ಲ ಅಂತ ಅದೇ ವರ್ಷ ಡಿಸೆಂಬರಿನಲ್ಲಿ ಆಯೋಗ ಹೇಳಿತು. ಕೋರ್ಟಿನ ಜಗಳ ಮಾತ್ರ ಆಮೇಲೂ ಮುಂದುವರಿಯಿತು.

ನನಗೆ ಇದು ಓದಿದಾಗ ವಿಚಿತ್ರ ಅನಿಸಿತು ಮಾರಾಯ್ರೆ. ತಗಡು ಉಳಿಸಲಿಕ್ಕೆ ಅಂತ ಯುದ್ಧದ ಗಡಿಬಿಡಿಯಲ್ಲಿ ಒತ್ತಿದ ಸೀಳು. ಅದನ್ನು ಮೊದಲು ಒತ್ತಿದ್ದೂ ವಿಲ್ಲಿಸ್ ಅಲ್ಲ, ಫೋರ್ಡ್. ಎಂಬತ್ತು ವರ್ಷದಲ್ಲಿ ಅದೇ ಮುಖ ಕಂಪೆನಿಗಳ ಆಸ್ತಿಯಾಗಿ, ವಕೀಲರು ವಾದ ಮಾಡುವ ವಸ್ತು ಆಯಿತು. ಕಂಪೆನಿಯವರಿಗೆ ಮುಖ ಮುಖ್ಯ ಇರಬಹುದು, ಅವರ ವ್ಯಾಪಾರ ಅದು. ಆದರೆ ಗಾಡಿ ಓಡಿಸುವ ನಾವೂ ಅದನ್ನು ಬರೀ ಮುಖ ಅಂತ ತಿಳಿದುಕೊಂಡರೆ ಬೇಲಿ ಯಾಕೆ ಹಾಕಿದ್ದು ಅಂತಲೇ ಮರೆತ ಹಾಗೆ. ಅಣ್ಣ ಮರೆತದ್ದು ಅದನ್ನೇ. ಹಾಗಾಗಿ ನಾನು ಮಾಮೂಲಿ ಗ್ರಿಲ್ಲೇ ತಂದೆ.

ಹಾಕಿದ್ದು ಹೇಗೆ ಅಂತ ಹೇಳ್ತೇನೆ. ಗಾಡಿಯಿಂದ ಗಾಡಿಗೆ ಸ್ವಲ್ಪ ವ್ಯತ್ಯಾಸ ಇರ್ತದೆ, ಕ್ರಮ ಇದೇ.

ಇಂಜಿನ್ ಪೂರ್ತಿ ತಣಿದ ಮೇಲೆಯೇ ಸುರು ಮಾಡಿ. ಬಾನೆಟ್ ಎತ್ತಿ ಕೋಲು ಕೊಡಿ. ಹಾರನ್ನಿನ, ಲೈಟಿನ ವಯರು ಹತ್ತಿರವೇ ಇರುವುದರಿಂದ ಬ್ಯಾಟರಿಯ ಮೈನಸ್ ವಯರು ಬಿಚ್ಚಿಡಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ, ಯಾವ ಸ್ಕ್ರೂ ಎಲ್ಲಿ ಅಂತ ಆಮೇಲೆ ತಲೆಬಿಸಿ ಇಲ್ಲ. ಮೇಲಿನ ಸಾಲಿನ ಸ್ಕ್ರೂ ಮೊದಲು. ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ನಡುವಿನ ಗುಂಡಿಯನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಎತ್ತಿದರೆ ಇಡೀ ಕ್ಲಿಪ್ ಬರ್ತದೆ. ಬದಿಯಲ್ಲಿ, ಕೆಳಗೆ ಕಾಣದ ಕ್ಲಿಪ್ಪುಗಳಿರ್ತವೆ. ಎಳೆದು ಕೀಳಬೇಡಿ, ಬೆರಳು ಹಾಕಿ ಹುಡುಕಿ ಒಂದೊಂದೇ ಒತ್ತಿ ಬಿಡಿಸಿ. ಹಳೆಯ ಗ್ರಿಲ್ಲಿನಲ್ಲಿ ಸರಿ ಇರುವ ಕ್ಲಿಪ್ಪುಗಳನ್ನು ತೆಗೆದಿಡಿ, ಖಂಡಿತ ಬೇಕಾಗ್ತದೆ.

ಗ್ರಿಲ್ ತೆಗೆದ ಮೇಲೆ ಕೂಡಲೇ ಹೊಸದು ಹಾಕಬೇಡಿ. ಒಳಗೆ ನೋಡಿ. ನನ್ನ ಗಾಡಿಯಲ್ಲಿ ಕಂಡದ್ದು: ಅಡಿಕೆ ಸಿಪ್ಪೆಯ ನಾರು, ಬೈಹುಲ್ಲಿನ ಚೂರು, ಒಣಗಿದ ಪಾತರಗಿತ್ತಿ, ಕೆಂಪು ಮಣ್ಣು. ರೇಡಿಯೇಟರಿನ ಕಾಲುಭಾಗ ಮೆತ್ತಿ ಹೋಗಿತ್ತು. ಹಂದಿ ಬಾರದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಮೊದಲು ಮೆತ್ತಗಿನ ಬ್ರಶ್ಶಿನಲ್ಲಿ ಉಜ್ಜಿದೆ, ತಗಡಿನ ಗೆರೆ ಹೋದ ದಿಕ್ಕಿಗೆ ಮಾತ್ರ. ಆಮೇಲೆ ಸಾದಾ ಪೈಪಿನ ನೀರು, ಆದಷ್ಟು ಇಂಜಿನ್ ಬದಿಯಿಂದ ಹೊರಗೆ. ಎದುರಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗಿ ಕೂರ್ತದೆ. ಮದ್ದು ಬಿಡುವ ಪಂಪಿನ ಪ್ರೆಶರ್ ಹಾಕಬೇಡಿ, ತೆಳು ತಗಡು ಮಡಚಿ ಹೋಗ್ತದೆ. ಟರ್ಬೊ ಇರುವ ಡೀಸೆಲ್ ಗಾಡಿಗೆ ಇಂಟರ್‌ಕೂಲರ್ ಅಂತ ಇನ್ನೊಂದು ಇರ್ತದೆ. ನಿಮ್ಮ ಗಾಡಿಯಲ್ಲಿ ಅದು ಎಲ್ಲಿ ಉಂಟು ಅಂತ ನೋಡಿ ಅದನ್ನೂ ಹೀಗೇ ತೊಳೆಯಿರಿ. ಕೊಳವೆಯ ಬುಡದಲ್ಲಿ ಹಸಿರು ಅಥವಾ ಬಿಳಿ ಕಲೆ ಕಂಡರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ಹೊಸ ಗ್ರಿಲ್ಲನ್ನು ಅರ್ಧ ಗಂಟೆ ಬಿಸಿಲಲ್ಲಿ ಇಟ್ಟೆ. ಬೆಚ್ಚಗಾದ ಪ್ಲಾಸ್ಟಿಕ್ ಬಗ್ಗುತ್ತದೆ, ತಣ್ಣಗಿದ್ದರೆ ಕ್ಲಿಪ್ಪಿನ ಕಿವಿ ಮುರಿಯುತ್ತದೆ. ಕೆಳಗಿನ ಕ್ಲಿಪ್ ಮೊದಲು ಕೂರಿಸಿ, ಆಮೇಲೆ ಬದಿ, ಕೊನೆಗೆ ಮೇಲೆ. ಸ್ಕ್ರೂ ಎಲ್ಲವನ್ನೂ ಮೊದಲು ಕೈಯಲ್ಲಿ ಹಿಡಿಸಿ, ಎಲ್ಲ ಕೂತ ಮೇಲೆ ಬಿಗಿ ಮಾಡಿ. ಪ್ಲಾಸ್ಟಿಕ್ಕಿಗೆ ಜೋರು ಮಾಡಬಾರದು. ಬಾನೆಟ್ ನಿಧಾನ ಇಳಿಸಿ ಎಲ್ಲಿಯೂ ತಾಗುವುದಿಲ್ಲ ಅಂತ ನೋಡಿ. ಬ್ಯಾಟರಿ ವಯರು ಕೊಟ್ಟು ಹಾರನ್, ಲೈಟ್ ನೋಡಿ. ತೊಳೆಯುವ ಕೆಲಸವೂ ಸೇರಿ ನನಗೆ ಮಧ್ಯಾಹ್ನದ ಊಟದ ಒಳಗೆ ಮುಗಿಯಿತು. ಗ್ರಿಲ್ ಹಾಕಲಿಕ್ಕೆ ಹಿಡಿದದ್ದು ಅರ್ಧ ಗಂಟೆ, ಉಳಿದದ್ದೆಲ್ಲ ಒಳಗಿನ ಕಸ.

ಸಂಜೆ ಆ ಹುಡುಗ ಬಂದ. "ಏನಣ್ಣ, ಹಳೆ ಮುಖವೇ ಹಾಕಿದ್ರಲ್ಲ?" ಅಂದ. ಅವನನ್ನು ಹಟ್ಟಿಗೆ ಕರೆದುಕೊಂಡು ಹೋಗಿ ಕರುವಿನ ಗೂಡಿನ ಬಾಗಿಲು ತೋರಿಸಿದೆ. ಅಣ್ಣನ ಕೈಯ ಕಥೆ ಹೇಳಿದೆ. ಅವನು ಏನೂ ಮಾತಾಡಲಿಲ್ಲ, ಸೀಳುಗಳನ್ನು ಬೆರಳಲ್ಲಿ ಎಣಿಸಿದ. ಅವನ ಗಾಡಿಗೆ ಆ ಕ್ರೋಮ್ ಗ್ರಿಲ್ ಆಗಲೇ ಹಾಕಿಸಿ ಆಗಿತ್ತು. ಮೊನ್ನೆ ಸೊಸೈಟಿ ಎದುರು ಅವನ ಪಿಕಪ್ ನೋಡಿದೆ. ಗ್ರಿಲ್ ಹಾಗೇ ಉಂಟು, ನಡುವಿನ ಬೋರ್ಡು ಮಾತ್ರ ತೆಗೆದಿದ್ದಾನೆ. ಆ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು ಕಾಣ್ತದೆ, ಹಿಂದೆ ರೇಡಿಯೇಟರ್ ಕಾಣ್ತದೆ.

ಬೇಸಿಗೆಯಲ್ಲಿ ಘಾಟಿ ಹತ್ತುವವರು ಒಮ್ಮೆ ನಿಮ್ಮ ಗಾಡಿಯ ಗ್ರಿಲ್ಲಿನ ಹಿಂದೆ ಟಾರ್ಚ್ ಹಾಕಿ ನೋಡಿ. ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. ದಿಬ್ಬಣ ತಡ ಆದರೆ ಆಗಲಿ, ಮುಹೂರ್ತ ಮೀರಿದರೂ ಅಡ್ಡಿಯಿಲ್ಲ.